ಶುಕ್ರವಾರ ಮಾತ್ರ ಬೀಳದ ಸ್ವಿಚ್ಚು

ನಾನು ವಾಸವಾಗಿರುವುದು ಒಂದು ಬಸ್ಸಿನಲ್ಲಿ. ಓಡುವ ಬಸ್ಸಲ್ಲ. ಇಂಜಿನ್ನು, ಚಕ್ರ ಎಲ್ಲ ಕಳಚಿ ಗುಜರಿಗೆ ಹೊರಟಿದ್ದ ಹಳೆಯ ಬಾಡಿಯೊಂದನ್ನು ಕೊಂಡು, ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರ ನನ್ನ ಪಾಲಿಗೆ ಬಂದ ತುಂಡು ಜಮೀನಿನಲ್ಲಿ ಕಲ್ಲುಕಂಬಗಳ ಮೇಲೆ ಕೂರಿಸಿದ್ದೇನೆ. ಒಳಗೆ ಮಂಚ, ಅಡುಗೆಕಟ್ಟೆ, ಫ್ರಿಜ್ಜು, ಹಿಂದುಗಡೆ ಬಚ್ಚಲು. ಡ್ರೈವರ್ ಕೂರುತ್ತಿದ್ದ ಜಾಗದಲ್ಲಿ ದೇವರ ಗೂಡು. ಕಿಟಕಿ ಪಕ್ಕದ ಒಂದು ಸೀಟನ್ನು ಮಾತ್ರ ಕೀಳಿಸಲಿಲ್ಲ. ಅದರ ಮೇಲಿರುವ ‘ಮಹಿಳೆಯರಿಗೆ’ ಎಂಬ ಬರಹವನ್ನೂ ಅಳಿಸಲಿಲ್ಲ.

ಬಸ್ಸೇ ಯಾಕೆ ಎಂದು ಕೇಳದವರಿಲ್ಲ. ನಾನು ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ಇದ್ದದ್ದು ಮಂಡ್ಯದಲ್ಲಿ, ತಮ್ಮನ ಮನೆಯಲ್ಲಿ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಈಗ ‘ಪುರುಸೊತ್ತಿರಲಿಲ್ಲ’ ಎಂದುಬಿಡುತ್ತೇನೆ. ತಮ್ಮನ ಮನೆಯಲ್ಲಿ ಯಾರೂ ನನಗೆ ಒಂದು ಕೆಟ್ಟ ಮಾತಾಡಿದವರಲ್ಲ. ಆದರೆ ಅಲ್ಲಿ ನನ್ನದು ಎನ್ನುವ ಬಾಗಿಲು ಇರಲಿಲ್ಲ. ದಿನಕ್ಕೆ ಎರಡು ಸಲ, ಬಸ್ಸಿನ ಕಿಟಕಿ ಪಕ್ಕ ಕೂತಾಗ ಮಾತ್ರ ನಾನು ಯಾರ ಅಕ್ಕನೂ ಅಲ್ಲ, ಯಾರ ಅತ್ತೆಯೂ ಅಲ್ಲ. ನಿವೃತ್ತಿ ಆದ ಮೇಲೆ ಆ ಸೀಟು ಕೈಬಿಟ್ಟು ಹೋಗುತ್ತದಲ್ಲ ಎಂದು ಸಂಕಟವಾಯಿತು. ಅದಕ್ಕೇ ಬಸ್ಸನ್ನೇ ತಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಗೃಹಪ್ರವೇಶ ಮಾಡಿದೆವು. ತಮ್ಮನಿಗೆ ಬಸ್ಸು ಇಷ್ಟವಿಲ್ಲದಿದ್ದರೂ ಶಾಸ್ತ್ರದಲ್ಲಿ ಕಮ್ಮಿ ಮಾಡುವವನಲ್ಲ. ಬಾಗಿಲಿಗೆ ತೋರಣ ಕಟ್ಟಿದ, ಹಾಲು ಉಕ್ಕಿಸಿದ. ದೃಷ್ಟಿ ತಾಗದಿರಲಿ ಎಂದು ಮುಂಬಾಗಿಲ ಮೇಲೆ ಕೊಕ್ಕೆ ಕೂರಿಸಿ ಬೂದುಗುಂಬಳಕಾಯಿ ಕಟ್ಟಿದ. ಊರವರೆಲ್ಲ ಬಂದು, ಸೀಟಿನ ಮೇಲೆ ಒಬ್ಬೊಬ್ಬರಾಗಿ ಕೂತು ನೋಡಿ, ಪಾಯಸ ಕುಡಿದು ಹೋದರು.

ಅದಾಗಿ ಕೆಲವೇ ದಿನಕ್ಕೆ ಕರೆಂಟಿನ ಕಾಟ ಶುರುವಾಯಿತು. ನನ್ನ ಬಸ್ಸಿನ ಬೋರ್ಡಿನಲ್ಲಿ ಒಂದು ಟ್ರಿಪ್ ಸ್ವಿಚ್ಚಿದೆ. ನಾನೇ ಹಟ ಮಾಡಿ ಹಾಕಿಸಿದ್ದು. ಪ್ರವಾಸಕ್ಕೆ ಹೋದ ಮಕ್ಕಳನ್ನು ಹೋಗುವಾಗಲೂ ಬರುವಾಗಲೂ ಎಣಿಸುವ ಟೀಚರಿನ ಕೆಲಸ ಅದರದ್ದು. ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದು ತಂತಿಯಲ್ಲಿ ಅಷ್ಟೂ ವಾಪಸ್ ಬರಬೇಕು. ಲೆಕ್ಕ ತಪ್ಪಿ ಎಲ್ಲೋ ಸೋರಿಹೋಯಿತು ಎಂದರೆ ಸ್ವಿಚ್ಚು ‘ಟಪ್’ ಎಂದು ಕೆಳಗೆ ಬಿದ್ದು ಇಡೀ ಮನೆಯ ಕರೆಂಟು ತೆಗೆಯುತ್ತದೆ. ಒಳ್ಳೆಯದೇ. ಆದರೆ ಇದು ಬೆಳಗ್ಗೆ ಬೀಳುತ್ತಿತ್ತು, ಸಂಜೆ ಬೀಳುತ್ತಿತ್ತು, ಏನೂ ಕಾರಣ ಕಾಣದೆ ಬೀಳುತ್ತಿತ್ತು. ಮತ್ತೆ ಮೇಲಕ್ಕೆ ಎತ್ತಿದರೆ ಒಂದೊಂದು ಸಲ ನಿಲ್ಲುತ್ತಿತ್ತು, ಒಂದೊಂದು ಸಲ ಮುಖದ ಮೇಲೆ ಹೊಡೆದ ಹಾಗೆ ಮತ್ತೆ ಬೀಳುತ್ತಿತ್ತು.

ಮೊದಲು ಫ್ರಿಜ್ಜಿನ ಮೇಲೆ ಅನುಮಾನಪಟ್ಟೆ, ಆಮೇಲೆ ನೀರು ಕಾಯಿಸುವ ಗೀಸರಿನ ಮೇಲೆ, ಆಮೇಲೆ ಮಿಕ್ಸಿಯ ಮೇಲೆ. ಒಂದೊಂದನ್ನೇ ಕಿತ್ತಿಟ್ಟು ನೋಡಿದರೂ ಬೀಳುವುದು ನಿಲ್ಲಲಿಲ್ಲ. ಮದ್ದೂರಿನಿಂದ ಎಲೆಕ್ಟ್ರಿಷಿಯನ್ ಬಂದ. ಟೆಸ್ಟರನ್ನು ಗೋಡೆಗೆ, ಕಿಟಕಿಗೆ, ಮೆಟ್ಟಿಲಿಗೆ ಒತ್ತಿ ಒತ್ತಿ ನೋಡಿದ. ಅದರ ದೀಪ ಎಲ್ಲೂ ಹತ್ತಲಿಲ್ಲ. ಟ್ರಿಪ್ ಸ್ವಿಚ್ಚೇ ಕೆಟ್ಟಿದೆ ಎಂದು ಹೊಸದು ಹಾಕಿದ. ಅವನ ಬೈಕು ಹೊಂಗೆಮರ ದಾಟುವ ಮೊದಲೇ ಹೊಸದೂ ಬಿತ್ತು. ಆಮೇಲೆ ತಮ್ಮ ಮಂಡ್ಯದಿಂದ ಇನ್ನೊಬ್ಬ ಎಲೆಕ್ಟ್ರಿಷಿಯನ್‌ನನ್ನು ಕಳಿಸಿದ. ಅವನು ನೋಡಿದ ಶಾಸ್ತ್ರ ಮಾಡಿ, ಕಟಿಂಗ್ ಪ್ಲೇಯರ್ ಕೈಗೆತ್ತಿಕೊಂಡೇ ಮಾತಾಡಿದ.

“ಮೇಡಂ, ಇದನ್ನ ಕಿತ್ತಾಕಿ ಲೈನ್ನ ನೇರ ಕೊಟ್ಬುಡ್ತೀನಿ. ನಮ್ ಕಡೆ ಅಳ್ಳೀಲಿ ಯಾರ್ ಮನೇಲೂ ಇಲ್ಲ ಇದು. ಎಲ್ರೂ ಚೆನ್ನಾಗೇ ಅವ್ರೆ.”

“ಅವ್ರ ಮನೆ ಇಟ್ಟಿಗೇದು ಕಣಪ್ಪಾ. ನಂದು ಕಬ್ಬಿಣದ್ದು. ಎಲ್ಲೋ ಒಂದ್ ತಂತಿ ಸವೆದು ಬಾಡಿಗೆ ತಗುಲ್ತು ಅಂದ್ರೆ ಬಾಗ್ಲು, ಕಿಟಕಿ, ಮೆಟ್ಲು ಎಲ್ಲಾ ಕರೆಂಟೇ. ಹಾಲ್ ಕೊಡಕ್ಕೆ ಬಂದೋಳು ಬಾಗ್ಲು ಮುಟ್ಟಿ ಸಾಯ್ಲಾ?”

“ಅಂಗೇನಾಗಾಕಿಲ್ಲ ಬುಡಿ.”

“ಆಗಕ್ಕಿಲ್ಲ ಅಂತ ನೀನು ಬರ್ಕೊಟ್ಟೋದ್ರೆ ಕೀಳು,” ಎಂದೆ. ಅವನು ಪ್ಲೇಯರನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ನನ್ನ ಬಾಯಿ ಸ್ವಲ್ಪ ಜೋರು ಎನ್ನುವುದು ಮಂಡ್ಯದವರೆಗೂ ಗೊತ್ತಿರುವ ವಿಷಯ.

ನನಗೆ ತಲೆ ಕೆಟ್ಟದ್ದು ಇನ್ನೊಂದು ಕಾರಣಕ್ಕೆ. ಒಂದು ದಿನ ರೇಗಿ, ಟ್ರಿಪ್ ಸ್ವಿಚ್ಚೊಂದನ್ನು ಬಿಟ್ಟು ಬೋರ್ಡಿನಲ್ಲಿದ್ದ ಎಲ್ಲ ಸ್ವಿಚ್ಚುಗಳನ್ನೂ ಆರಿಸಿದೆ. ಒಂದು ದೀಪ ಇಲ್ಲ, ಒಂದು ಫ್ಯಾನ್ ಇಲ್ಲ. ಮನೆಯಲ್ಲಿ ಕರೆಂಟು ಕೆಲಸ ಮಾಡುವ ಜಾಗವೇ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ‘ಟಪ್’. ಇದನ್ನು ತಮ್ಮನಿಗೆ ಹೇಳಬಾರದಿತ್ತು. ಹೇಳಿದೆ.

“ಅಕ್ಕ, ಅದು ಯಾವ ಆಕ್ಸಿಡೆಂಟ್ ಬಸ್ಸೋ ಏನೋ. ಗಾಳಿ ಮೆಟ್ಕಂಡದೆ,” ಎಂದ. ಮುಂದಿನ ವಾರವೇ ವೈದ್ಯನಾಥಪುರದ ಶಿವನ ಗುಡಿಗೆ ಹೋಗಿ ವಿಭೂತಿ ತಂದ. ಮೊದಲಿನ ಕುಂಬಳಕಾಯಿಗೆ ಶಕ್ತಿ ಸಾಲದು ಎಂದು ಅದರ ಎರಡರಷ್ಟು ದಪ್ಪದ್ದನ್ನು ತಂದು ಅದೇ ಕೊಕ್ಕೆಗೆ ನೇತುಹಾಕಿದ. ಅದಾದ ಮೇಲೆ ಸ್ವಿಚ್ಚು ಬೀಳುವುದು ಇನ್ನೂ ಜಾಸ್ತಿಯಾಯಿತು. ಶುಕ್ರವಾರ ಮಾತ್ರ ಒಂದು ಸಲವೂ ಬೀಳುತ್ತಿರಲಿಲ್ಲ. ಇದನ್ನು ಕಂಡುಹಿಡಿದವಳು ತಮ್ಮನ ಹೆಂಡತಿ. “ನೋಡಿ ಅತ್ಗೆ, ಲಕ್ಷ್ಮಿ ವಾರ ಬೀಳಲ್ಲ. ಅಂದ್ಮೇಲೆ ಇದು ದೇವ್ರಿಗೆ ಸಂಬಂಧಪಟ್ಟಿದ್ದೇ,” ಎಂದಳು. ನಾನು ನಕ್ಕುಬಿಟ್ಟೆ. ಆದರೆ ಶುಕ್ರವಾರ ನಿಜವಾಗಲೂ ಬೀಳುತ್ತಿರಲಿಲ್ಲ.

ನಗುವ ವಿಷಯ ಅಲ್ಲವೆಂದು ಗೊತ್ತಾದದ್ದು ಆಮೇಲೆ. ನನಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅದು ಫ್ರಿಜ್ಜಿನಲ್ಲಿರಬೇಕು. ಜೊತೆಯಲ್ಲಿ ಕೆಲಸ ಮಾಡಿದವಳ ಮಗಳ ಮದುವೆಗೆಂದು ಮಳವಳ್ಳಿಗೆ ಹೋದವಳು ಕೆಲವು ದಿನ ಅಲ್ಲೇ ಉಳಿದೆ; ಜೊತೆಗೆ ಒಂದು ಬಾಟಲಿ ಒಯ್ದಿದ್ದೆ, ಉಳಿದದ್ದು ಫ್ರಿಜ್ಜಿನಲ್ಲೇ ಇತ್ತು. ಅಷ್ಟೂ ದಿನ ಇಲ್ಲಿ ಸ್ವಿಚ್ಚು ಬಿದ್ದೇ ಇತ್ತು. ಬೇಸಿಗೆಯ ಬಿಸಿಲಿಗೆ ಕಬ್ಬಿಣದ ಬಸ್ಸು ಕಾದು, ಮುಚ್ಚಿದ ಫ್ರಿಜ್ಜು ಒಳಗೊಳಗೇ ಬೆಂದುಹೋಗಿತ್ತು. ಬಂದವಳು ಸ್ವಿಚ್ಚು ಎತ್ತಿದೆ, ಹಳಸಿದ ಮೊಸರನ್ನು ಚೆಲ್ಲಿದೆ. ಬಾಟಲಿಯ ಔಷಧಿ ನೋಡುವುದಕ್ಕೆ ಎಂದಿನಂತೆಯೇ ಇತ್ತು, ಅದನ್ನೇ ಚುಚ್ಚಿಕೊಂಡೆ. ಅದರಲ್ಲಿ ಕಸುವೇ ಉಳಿದಿರಲಿಲ್ಲ. ಸಕ್ಕರೆ ಏರಿ, ಕಣ್ಣು ಮಂಜಾಗಿ, ಮಂಡ್ಯದ ನರ್ಸಿಂಗ್ ಹೋಮಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆ. ತಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಅವನ ಮುಖ ನೋಡಿದರೆ ಅತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು.

“ಉಗಾದಿ ಒಳ್ಗೆ ಅದು ಸರಿಯಾಗ್ನಿಲ್ಲ ಅಂದ್ರೆ ಬಸ್ಸಿನ್ ಬೀಗ ನನ್ ಕೈಗ್ ಕೊಡ್ಬೇಕು ಅಕ್ಕ. ಮಹಡಿ ಮೇಲಿನ್ ರೂಮ್ಗೆ ಸುಣ್ಣ ಒಡ್ಸಿವ್ನಿ. ಅಲ್ಲೇ ಇರೀವಂತೆ.”

“ಸರಿ ಕಣ್ಲಾ,” ಎಂದೆ. ಅವನ ಮಾತು ನ್ಯಾಯವಾಗಿತ್ತು. ಔಷಧಿಯನ್ನು ತಣ್ಣಗಿಡಲಾರದ ಮನೆಯಲ್ಲಿ ನಾನು ಒಬ್ಬಳೇ ಇರುತ್ತೇನೆ ಎನ್ನುವುದು ಧೈರ್ಯವಲ್ಲ, ಮೂರ್ಖತನ. ಆ ಮೇಲಿನ ರೂಮೂ ಚೆನ್ನಾಗಿಯೇ ಇದೆ, ಗಾಳಿ ಬೆಳಕು ಬರುತ್ತದೆ. ಆದರೆ ಅಲ್ಲಿಂದ ಹೊರಗೆ ಬರಬೇಕಾದರೆ ಅವರ ಹಾಲ್ ದಾಟಬೇಕು. ದಾಟುವಾಗ ‘ಎಲ್ಲಿಗೆ ಹೊರಟೆ’ ಎಂದು ಯಾರಾದರೂ ಪ್ರೀತಿಯಿಂದಲೇ ಕೇಳುತ್ತಾರೆ. ಅದನ್ನು ನೆನೆದು, ಸೂಜಿ ಚುಚ್ಚಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ನಾನು ಸದ್ದಿಲ್ಲದೆ ಅತ್ತೆ.

ವಾಪಸ್ ಬಂದ ಮೇಲೆ ಒಂದು ಬೆಳಗ್ಗೆ ಬಸ್ಸಿನ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಸಕ್ಕರೆಯಿಲ್ಲದ ಕಾಫಿ ಹಿಡಿದು ಕೂತಿದ್ದೆ. ಪಕ್ಕದ ಜಮೀನಿನವಳು, ಡೈರಿಗೆ ಹಾಲು ಹಾಕುವ ಮಾತಿನಮಲ್ಲಿ, ತನ್ನ ಹಸುವನ್ನು ಹೊಡೆದುಕೊಂಡು ಬಂದಳು. ಬಸ್ಸಿನ ಹಿಂದೆ ಹೊಂಗೆಮರದ ನೆರಳಿದೆ. ಅಲ್ಲೇ ನೆಲದಿಂದ ಮೊಣಕಾಲುದ್ದ ಮೇಲೆದ್ದ ಒಂದು ಕಬ್ಬಿಣದ ಪೈಪೂ ಇದೆ. ಅದು ನನ್ನ ಬಸ್ಸಿನ ಅರ್ತಿಂಗ್ ಪೈಪು, ಬಾಡಿಯಿಂದ ಭೂಮಿಗೆ ಇಳಿಸಿದ್ದು. ಅವಳ ಕಣ್ಣಿಗೆ ಅದು ದೇವರೇ ನೆಟ್ಟ ಗೂಟ. ದಿನವೂ ಬೆಳಗ್ಗೆ, ಸಂಜೆ ಹಸುವನ್ನು ಅದಕ್ಕೆ ಕಟ್ಟಿ, ಕಾಲುವೆ ದಂಡೆಗೆ ಹುಲ್ಲು ಕೊಯ್ಯಲು ಹೋಗುತ್ತಿದ್ದಳು. ನನಗೂ ಹಸು ಹತ್ತಿರ ಇದ್ದರೆ ಜೊತೆ ಇದ್ದ ಹಾಗೆ ಅನ್ನಿಸಿ ಬೇಡ ಎಂದಿರಲಿಲ್ಲ.

ಆ ದಿನವೂ ಕಟ್ಟಿ ಹೋದಳು. ಹಸು ಒಂದು ಸಲ ನನ್ನ ಕಡೆ ನೋಡಿ, ಬಾಲ ಎತ್ತಿ, ಪೈಪಿನ ಬುಡಕ್ಕೆ ಧಾರಾಳವಾಗಿ ಗಂಜಲ ಹುಯ್ದಿತು. ಒಣಗಿ ಬಿರುಕುಬಿಟ್ಟಿದ್ದ ಮಣ್ಣು ಅದನ್ನು ಕುಡಿಯಿತು. ಹಿಂದೆಯೇ ಒಳಗಿನಿಂದ ‘ಟಪ್’.

ಮೊದಲು ನಕ್ಕೆ. ಆಮೇಲೆ ಕಾಫಿ ಲೋಟವನ್ನು ಕೆಳಗಿಟ್ಟು ಎದ್ದು ನಿಂತೆ. ಸಂಜೆ ಅವಳು ಮತ್ತೆ ಕಟ್ಟಿ ಹೋದಾಗ ಹಸುವಿನ ಎದುರೇ ಕುರ್ಚಿ ಹಾಕಿಕೊಂಡು ಕೂತೆ. ಹಸು ಹುಯ್ದಿತು, ಸ್ವಿಚ್ಚು ಬಿತ್ತು. ಅವಳು ಹುಲ್ಲಿನ ಹೊರೆ ಹೊತ್ತು ಬರುವುದನ್ನೇ ಕಾಯುತ್ತಿದ್ದೆ.

“ಶುಕ್ರವಾರ ಹಸೂನ ಎಲ್ಲಿ ಕಟ್ತೀಯೇ?”

“ಇಲ್ಲೇ ಕಟ್ತೀನಿ ಟೀಚರಮ್ಮ. ಯಾಕೆ?”

“ಹಾಗಾದ್ರೆ ಶುಕ್ರವಾರ ಇದು ಉಚ್ಚೆ ಹುಯ್ಯಲ್ವಾ?”

ಅವಳು ಹೊರೆ ಇಳಿಸಿ, ನನಗೆ ಸಕ್ಕರೆ ಮತ್ತೆ ಏರಿದೆಯೇನೋ ಎನ್ನುವ ಹಾಗೆ ನೋಡಿದಳು. “ಉಯ್ದೆ ಏನ್ ಮಾಡ್ತದೆ? ಸುಕ್ರವಾರ ಗಂಜಲ ನೆಲಕ್ ಬುಟ್ಬುಡಕಾದದಾ ಟೀಚರಮ್ಮ? ಮನೆಗೆಲ್ಲ ಚಿಮುಕ್ಸ್ಬೇಕು. ಅವತ್ತು ನಾನು ಉಲ್ಗೆ ಓಗಾಕಿಲ್ಲ, ಬಕೀಟ್ ಇಡ್ಕಂಡ್ ಇಲ್ಲೇ ನಿಂತ್ಕತೀನಿ.”

ನಾನು ಅಲ್ಲೇ ಆ ಹೆಂಗಸನ್ನು ತಬ್ಬಿಕೊಂಡುಬಿಟ್ಟೆ. ಲಕ್ಷ್ಮಿ ವಾರದ ಗುಟ್ಟು ಒಂದು ಬಕೆಟ್ಟಿನಲ್ಲಿತ್ತು. ಆದರೂ ಹಸುವಿನ ಮೇಲೆ ತಪ್ಪು ಹೊರಿಸುವ ಮೊದಲು ಪ್ರಯೋಗ ಮಾಡಿ ನೋಡಬೇಕಲ್ಲ. ಮರುದಿನ ಹಸು ಬರುವುದಕ್ಕೆ ಮೊದಲೇ ನೀರಿಗೆ ಉಪ್ಪು ಕಲಸಿ ಪೈಪಿನ ಬುಡಕ್ಕೆ ಸುರಿದೆ. ಸ್ವಿಚ್ಚು ಬಿತ್ತು. ತಮ್ಮನಿಗೆ ಫೋನ್ ಮಾಡಿದೆ.

“ಗಂಜಲವಾ?” ಎಂದು ಅವನು ನಕ್ಕ ನಗು ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. “ಸರಿ, ಅಸೂನ ಬೇರೆ ಕಡೆ ಕಟ್ಟಕ್ಕೇಳು. ಮುಗೀತು.”

“ಮುಗೀಲಿಲ್ಲ ಕಣ್ಲಾ. ಒಳಗೆ ಎಲ್ಲೋ ಕರೆಂಟು ಸೋರ್ತಾ ಅದೆ. ನೆಲ ಒಣಗಿದ್ರೆ ಕಮ್ಮಿ ಸೋರ್ತದೆ, ನೆಂದ್ರೆ ಜಾಸ್ತಿ. ಹಸು ಕಳ್ಳನ್ನ ಹಿಡ್ಕೊಟ್ಟದೆ ಅಷ್ಟೇ. ನಾಳೆ ಮುಂಗಾರು ಬಂದು ನೆಲ ಎಲ್ಲಾ ನೆಂದ್ರೆ ಏನ್ ಮಾಡ್ತೀಯಾ? ಆಕಾಶಕ್ಕೆ ಬಕೀಟ್ ಹಿಡೀತೀಯಾ?”

ಅವನು, “ಉಗಾದಿ ಬಂದೇಬುಡ್ತು ಅಕ್ಕ. ಮಾತು ಮಾತೇ. ಬಾನುವಾರ ಲಗೇಜ್ ಆಟೋ ತಕಂಡ್ ಬತ್ತೀನಿ, ಸಾಮಾನ್ ಕಟ್ಟಿಡು,” ಎಂದು ಫೋನ್ ಇಟ್ಟ.

ನಾನು ಸಾಮಾನು ಕಟ್ಟಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬಸ್ಸಿನ ಒಳಗೋಡೆಯ ಮೇಲೆ, ಎಷ್ಟೋ ವರ್ಷ ಎಂಟನೇ ತರಗತಿಗೆ ಬರೆದ ಚಿತ್ರವನ್ನೇ ಬರೆದೆ. ಹೋಗುವ ತಂತಿ, ಬರುವ ತಂತಿ, ನಡುವೆ ಒಂದು ಬಲ್ಬು, ಒಂದು ಸ್ವಿಚ್ಚು. ಬರೆದು ಅದನ್ನೇ ನೋಡುತ್ತ ಕಿಟಕಿ ಸೀಟಿನಲ್ಲಿ ಕೂತೆ. ಎಲ್ಲ ಸ್ವಿಚ್ಚು ಆರಿಸಿದ್ದರೂ ಹೇಗೆ ಬಿತ್ತು? ಕೂತು ಕೂತು ಕಾಲು ಜೋಮು ಹಿಡಿಯಿತು. ಎದ್ದು ಮತ್ತೆ ನೋಡಿದೆ. ಸ್ವಿಚ್ಚನ್ನು ನಾನು ಯಾವತ್ತೂ ಹೋಗುವ ತಂತಿಯ ಮೇಲೆ ಮಾತ್ರ ಬರೆದಿದ್ದೆ. ಬರುವ ತಂತಿಗೆ ಸ್ವಿಚ್ಚೇ ಇಲ್ಲ! ಮನೆಯ ಎಲ್ಲ ಸ್ವಿಚ್ಚು ಆರಿಸಿದರೂ ಆ ಕರಿಯ ತಂತಿ, ನ್ಯೂಟ್ರಲ್ ಎನ್ನುತ್ತಾರಲ್ಲ ಅದು, ಬೀದಿಯ ಕಂಬದವರೆಗೂ ಕೂಡಿಕೊಂಡೇ ಇರುತ್ತದೆ. ಅಷ್ಟೂ ಹೊಲಗಳ ಪಂಪ್‌ಸೆಟ್ಟಿನ ಕರೆಂಟು ವಾಪಸ್ ಹೋಗುವ ದಾರಿಯೂ ಅದೇ. ಅದು ನನ್ನ ಬಸ್ಸಿನ ಬಾಡಿಗೆ ಎಲ್ಲೋ ತಗುಲಿದ್ದರೆ, ನಾನು ಒಂದು ದೀಪ ಹಾಕದಿದ್ದರೂ ಊರವರ ಕರೆಂಟು ಒಂದಿಷ್ಟು ನನ್ನ ಪೈಪಿನಿಂದ ಭೂಮಿಗೆ ಇಳಿಯುತ್ತದೆ. ಟೆಸ್ಟರಿನ ದೀಪ ಆ ತಂತಿಗೆ ಹತ್ತುವುದೂ ಇಲ್ಲ. ಇಷ್ಟು ದಿನ ಎಲ್ಲರೂ ಹುಡುಕಿದ್ದು ಇನ್ನೊಂದು ತಂತಿಯನ್ನು. ನಾನು ಬಸ್ಸಿನಲ್ಲಿ ಒಬ್ಬಳೇ ನಿಂತು ಚಪ್ಪಾಳೆ ಹೊಡೆದೆ. ಅಷ್ಟು ಸಂತೋಷ ನನಗೆ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

ಭಾನುವಾರ ಬೆಳಗ್ಗೆ ಮೀಟರಿನ ಹತ್ತಿರದ ಮೇನ್ ಸ್ವಿಚ್ಚನ್ನು ಎಳೆದು, ಕರೆಂಟು ಪೂರ್ತಿ ಹೋಗಿದೆ ಎಂದು ಖಾತ್ರಿ ಮಾಡಿಕೊಂಡು ಬೋರ್ಡು ಬಿಚ್ಚಿದೆ. ಆಯುಧ ಎಂದರೆ ಟಾರ್ಚಿನ ಒಂದು ಬಲ್ಬು, ಎರಡು ಸೆಲ್ಲು, ಎರಡು ತುಂಡು ತಂತಿ. ಅವನ್ನು ಸಾಲಾಗಿ ಜೋಡಿಸಿ, ಒಂದು ತುದಿಯನ್ನು ಬಸ್ಸಿನ ಬಾಡಿಗೆ ಸಿಕ್ಕಿಸಿದೆ. ಕರಿಯ ತಂತಿಗಳೆಲ್ಲ ಬಂದು ಸೇರುವ ಹಿತ್ತಾಳೆ ಪಟ್ಟಿಯಿಂದ ಒಂದೊಂದೇ ತಂತಿಯನ್ನು ಬಿಚ್ಚಿ, ಇನ್ನೊಂದು ತುದಿಯನ್ನು ಅದಕ್ಕೆ ಮುಟ್ಟಿಸಿದೆ. ಬಾಡಿಗೆ ತಗುಲಿದ ತಂತಿಯಾದರೆ ಬಲ್ಬು ಹತ್ತಬೇಕು. ಫ್ರಿಜ್ಜಿನದು ಹತ್ತಲಿಲ್ಲ. ಬಚ್ಚಲಿನದು ಹತ್ತಲಿಲ್ಲ. ಅಡುಗೆಕಟ್ಟೆಯದೂ ಇಲ್ಲ. ಮುಂಬಾಗಿಲ ದೀಪದ ತಂತಿಗೆ ಮುಟ್ಟಿಸಿದೆ. ಬೆಳಕಿನಲ್ಲಿ ಸರಿಯಾಗಿ ಕಾಣದೆ ಸೆರಗು ಅಡ್ಡ ಹಿಡಿದು ನೋಡಿದೆ. ಬಲ್ಬು ಹತ್ತಿತ್ತು.

ಅಷ್ಟರಲ್ಲಿ ಹೊರಗೆ ಲಗೇಜ್ ಆಟೋ ನಿಂತ ಸದ್ದಾಯಿತು. ತಮ್ಮ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಮಂಚದ ಮೇಲೆಲ್ಲ ಸ್ಕ್ರೂ, ತಂತಿ, ಸೀಮೆಸುಣ್ಣ.

“ಅಯ್ಯೋ, ಒಂದ್ ಪಾತ್ರೇನೂ ಕಟ್ಟಿಲ್ವಲ್ಲ ಅಕ್ಕ!”

“ಆ ಸ್ಟೂಲ್ ತಕೊ. ಬಾಗಿಲ ಮೇಲೆ ಏನೈತೆ ನೋಡು.”

“ಏನೈತೆ? ಕುಂಬಳಕಾಯಿ.”

“ಅದನ್ನ ಇಳಿಸು. ಕೊಕ್ಕೆ ಬಿಚ್ಚು. ನಿಧಾನಕ್ಕೆ ತಿರುಗಿಸು.”

ನಾನು ಬಲ್ಬನ್ನು ಅವನಿಗೆ ಕಾಣುವ ಹಾಗೆ ಎತ್ತಿ ಹಿಡಿದೆ. ಅವನು ಒಂದು ಕಂಕುಳಲ್ಲಿ ಆ ದಪ್ಪ ಕುಂಬಳಕಾಯಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಕೊಕ್ಕೆಯ ಸ್ಕ್ರೂ ತಿರುಗಿಸಿದ. ಅರ್ಧ ಹೊರಗೆ ಬರುತ್ತಿದ್ದ ಹಾಗೆ ಬಲ್ಬು ಆರಿತು.

“ಈಗ ಮತ್ತೆ ಒಳಕ್ಕೆ ತಿರುಗ್ಸು,” ಎಂದೆ. ಬಲ್ಬು ಹತ್ತಿತು.

“ಹೊರಕ್ಕೆ.” ಆರಿತು.

ತಮ್ಮ ಸ್ಟೂಲಿನ ಮೇಲೆಯೇ ನಿಂತು ಕೈಯಲ್ಲಿದ್ದ ಸ್ಕ್ರೂವನ್ನು ನೋಡಿದ. ಗೃಹಪ್ರವೇಶದ ದಿನ ಬಾಡಿಗೆಗೆ ತಂದ ಡ್ರಿಲ್ಲಿನಲ್ಲಿ ಅಲ್ಲಿ ತೂತು ಹೊಡೆದವನು ಅವನೇ. ಆ ತಗಡಿನ ಹಿಂದೆಯೇ ಬಾಗಿಲ ದೀಪದ ತಂತಿ ಹೋಗಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಸ್ಕ್ರೂ ಹೋಗಿ ಕರಿಯ ತಂತಿಯ ಸಿಪ್ಪೆ ಸೀಳಿತ್ತು. ಕಾಟ ತಪ್ಪಲೆಂದು ಅವನು ತೂಗುಹಾಕಿದ ದೊಡ್ಡ ಕುಂಬಳಕಾಯಿಯ ಭಾರಕ್ಕೆ ಅದು ಇನ್ನೂ ಬಿಗಿಯಾಗಿ ತಗುಲಿಕೊಂಡಿತ್ತು.

“ಲೇ, ಗಾಳಿ ಅಲ್ಲ ಕಣ್ಲಾ,” ಎಂದೆ, “ನಿನ್ ಕುಂಬಳಕಾಯಿ!” ಹೇಳಿ, ಮಂಚದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಪ ಎನ್ನಿಸಲಿಲ್ಲ. ಗೆದ್ದೆ ಎಂದು ಅನ್ನಿಸಿತು, ಗೆದ್ದ ಖುಷಿಯನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ಅವನು ಕೆಳಗಿಳಿದು, ಕುಂಬಳಕಾಯಿಯನ್ನು ಸೀಟಿನ ಮೇಲಿಟ್ಟು, ಬಾಗಿಲ ದೀಪದ ತಂತಿಗಳೆರಡನ್ನೂ ಬೋರ್ಡಿನಿಂದ ಬೇರೆ ಮಾಡಿ ತುದಿಗೆ ಟೇಪು ಸುತ್ತಲು ನನಗೆ ನೆರವಾದ. ಹೊಸ ತಂತಿ ಎಳೆಯುವುದಕ್ಕೆ ಮದ್ದೂರಿನವನಿಗೆ ಹೇಳಿದರಾಯಿತು. ಉಳಿದದ್ದನ್ನೆಲ್ಲ ಮೊದಲಿನಂತೆ ಜೋಡಿಸಿ ಮೇನ್ ಹಾಕಿದೆವು. ಫ್ರಿಜ್ಜು ಗುರ್ ಎಂದಿತು. ಪೈಪಿನ ಬುಡಕ್ಕೆ ಉಪ್ಪುನೀರು ಸುರಿದೆ. ಸ್ವಿಚ್ಚು ಅಲುಗಲಿಲ್ಲ. ಇನ್ನೊಂದು ಬಕೆಟ್ ಸುರಿದೆ. ಆಗಲೂ ಅಲುಗಲಿಲ್ಲ.

“ಉಪ್ನೀರ್ನ ನಾ ನಂಬಾಕಿಲ್ಲ. ಅಸ ಬರ್ಲಿ,” ಎಂದ ತಮ್ಮ.

ಹಸು ಬಂತು. ಅದರ ಒಡತಿ, ತಮ್ಮ, ಆಟೋದವನು, ನಾನು, ನಾಲ್ಕೂ ಜನ ಅದನ್ನೇ ನೋಡುತ್ತ ನಿಂತೆವು. ಇಷ್ಟು ಜನ ನೋಡುತ್ತಿದ್ದರೆ ಅದಕ್ಕೂ ಸಂಕೋಚವೇನೋ, ಸುಮ್ಮನೆ ಮೆಲುಕು ಹಾಕಿತು. “ಏ, ಬೇಕಾದಾಗ ಉಯ್ಯಾಕಿಲ್ಲ ನೋಡಿ ಇದು,” ಎಂದು ಒಡತಿ ಬೈದಳು. ಕೊನೆಗೆ ನಾವೆಲ್ಲ ಬೇಸತ್ತು ಬೇರೆ ಕಡೆ ತಿರುಗಿದಾಗ ಅದು ತನ್ನ ಕೆಲಸ ಮಾಡಿತು. ತಮ್ಮ ಒಳಕ್ಕೆ ಓಡಿದ. ನಾನು ಓಡಲಿಲ್ಲ, ನನಗೆ ಗೊತ್ತಿತ್ತು. ಅವನು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದು ಹೊರಗೆ ಬಂದ.

“ನಿಂತದೆ,” ಎಂದ.

ಒಡತಿ ಹಸುವಿನ ಬೆನ್ನು ತಟ್ಟಿದಳು. ತಮ್ಮ ಆಟೋದವನ ಹತ್ತಿರ ಹೋಗಿ ಏನೋ ಹೇಳಿದ. ಆಟೋ ಖಾಲಿಯೇ ತಿರುಗಿ ಹೋಯಿತು. ನಾನು ಒಳಗೆ ಬಂದು ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟೆ. ಹೊಂಗೆಯ ನೆರಳಿನಲ್ಲಿ ನಿಂತು ಅವನು ಹೆಂಡತಿಗೆ ಫೋನ್ ಮಾಡುವುದು ಕಿಟಕಿಯಿಂದ ಕೇಳಿಸುತ್ತಿತ್ತು.

“ಇಲ್ಲ, ಸಾಮಾನೇನೂ ತತ್ತಿಲ್ಲ… ಸರಿಯಾಯ್ತು ಕಣೇ, ಅಕ್ಕನೇ ಉಡುಕ್ದ್ಲು… ನಾ ಊಟಕ್ ಬರಾಕಿಲ್ಲ, ಇಲ್ಲೇ ಉಣ್ತೀನಿ. ಮೇಲಿನ್ ರೂಮು ಯಾರಾದ್ರೂ ಕೇಳುದ್ರೆ ಬಾಡಿಗೆಗ್ ಕೊಟ್ಬುಡು.” ಆಮೇಲೆ ಅವಳು ಏನೋ ಕೇಳಿರಬೇಕು. ಅವನ ದನಿ ಸ್ವಲ್ಪ ಏರಿತು.

“ಅಕ್ಕ ಯಾಕೆ ಬಂದಾಳು? ಅವ್ಳ್ ಮನೆ ಇಲ್ಲೇ ಅದಲ್ಲಾ.”